ಸದ್ದಿನೊಳಗಿನ ಗೆರೆ

ಜೇವರ್ಗಿ ರಸ್ತೆಯ ಔಷಧ ರಾಸಾಯನಿಕಗಳ ಕಾರ್ಖಾನೆಯಲ್ಲಿ ಆಳಂದದ ಇರಮ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ದೊಡ್ಡ ರಿಯಾಕ್ಟರಿನೊಳಗೆ ಏನು ನಡೆದಿದೆ ಎಂದು ನೋಡಿ ಹೇಳುವುದು ಅವಳ ಕೆಲಸ. ಒಂದು ಪಂಪು ಅಲ್ಲಿಯ ದ್ರವವನ್ನು ಸಣ್ಣ ನಳಿಕೆಯಲ್ಲಿ ಅವಳ ಮೇಜಿನ ಎನ್‌ಎಂಆರ್ ಯಂತ್ರಕ್ಕೆ ತಂದು ವಾಪಸು ಒಯ್ಯುತ್ತಿತ್ತು. ಯಂತ್ರದ ಅಯಸ್ಕಾಂತದೊಳಗೆ ಹಾಯುವ ಒಂದೊಂದು ವಸ್ತುವೂ ಪರದೆಯ ಮೇಲೆ ತನ್ನ ಜಾಗದಲ್ಲಿ ಗೆರೆ ಎಬ್ಬಿಸುತ್ತದೆ.

ಆ ಸೋಮವಾರ ಹನ್ನೊಂದಕ್ಕೆ, ಮೆಗ್ನೀಸಿಯಮ್ ಹಾಕಿದ್ದ ರಿಯಾಕ್ಟರಿಗೆ ಬ್ರೋಮೈಡ್ ಬಿಡತೊಡಗಿದರು. ಬಿದ್ದಹಾಗೆಲ್ಲ ಮೆಗ್ನೀಸಿಯಮ್ ಅದನ್ನು ತಿಂದು ಹಾಕಬೇಕು. ತಿನ್ನದೆ ಒಳಗೇ ಕೂಡಿಬಿಟ್ಟರೆ, ಯಾವಾಗಲೋ ತಿನ್ನುವುದು ಒಮ್ಮೆಲೇ ಶುರುವಾಗಿ ಎಲ್ಲವೂ ಕುದಿದು ಸಿಡಿಯುತ್ತದೆ.

ಪರದೆಯ ಮೇಲೆ ಬ್ರೋಮೈಡಿನ ಜಾಗದಲ್ಲಿ ಬರೀ ಸದ್ದಿನ ಗೀಚು, ಯಂತ್ರದ್ದೇ ಅರ್ಥವಿಲ್ಲದ ಗದ್ದಲ.

"ಗೆರಿ ಇಲ್ಲಂದ್ರ ಬ್ರೋಮೈಡ್ ಉಳದಿಲ್ಲ. ಜೋರ್ ಬಿಡಸ್ತೀನಿ," ಎಂದ ಅಫಜಲಪುರದ ಗುರುಶಾಂತ. ಉತ್ಪಾದನೆಯ ಮ್ಯಾನೇಜರ್ ಅವನು.

"ಶಾಖ ಮೂವತ್ನಾಕರಾಗ ನಿಂತದ ಸರ್. ರಿಯಾಕ್ಷನ್ ನಡದಿದ್ರ ಏರಬೇಕಿತ್ತಲ್ರಿ?"

"ತಣ್ಣೀರು ಹರ್ಯಾಕತ್ತದ, ಅದಕ್ಕ."

ಗೀಚು ತಗ್ಗಿ ಗೆರೆ ಕಾಣಲೆಂದು ಇರಮ ಯಂತ್ರದಿಂದ ಅದೇ ಓದನ್ನು ಹದಿನಾರು ಸಲ ಮಾಡಿಸಿ ಕೂಡಿಸಿದಳು. ನಾಲ್ಕು ಪಟ್ಟು ಓದಿಸಿದರೂ ಸದ್ದು ಇಳಿಯುವುದು ಅರ್ಧಕ್ಕೆ ಮಾತ್ರ. ಇನ್ನೂ ಇಳಿಸಬೇಕೆಂದರೆ ಹತ್ತು ನಿಮಿಷ ಬೇಕು. ಅತ್ತ ಬ್ರೋಮೈಡ್ ಬೀಳುತ್ತಲೇ ಇತ್ತು. ಆಗ ಅವಳ ಕಣ್ಣು ರಿಯಾಕ್ಟರು ತುಂಬಿರುವ ದ್ರಾವಕದ ಗೆರೆಯ ಮೇಲೆ ಬಿತ್ತು. ಅದು ದಿನವೂ ಒಂದೇ ಎತ್ತರ ಇರಬೇಕು. ನಿನ್ನೆಯದರ ಅರ್ಧವೂ ಎತ್ತರವಿಲ್ಲ! ತಾಜಾ ದ್ರವ ಬೇಗ ಬರಲೆಂದು ಗುರುಶಾಂತ ಬೆಳಿಗ್ಗೆ ಪಂಪಿನ ವೇಗ ಹೆಚ್ಚಿಸಿದ್ದ. ದ್ರವ ಅಯಸ್ಕಾಂತದ ಹಿಡಿತಕ್ಕೆ ಸಿಗುವ ಮೊದಲೇ ದಾಟಿ ಹೋಗುತ್ತಿತ್ತು.

ಅವಳು ಪಂಪನ್ನು ಕಾಲುಭಾಗಕ್ಕೆ ಇಳಿಸಿದಳು. ಸುದ್ದಿ ಎರಡು ನಿಮಿಷ ತಡವಾಗಿ ಬಂದರೂ ನಿಜ ತಿಳಿದೀತು. ದ್ರಾವಕದ ಗೆರೆ ಎದ್ದಿತು. ಅದರ ಪಕ್ಕದಲ್ಲಿ, ಗೀಚಿನೊಳಗಿಂದ, ಬ್ರೋಮೈಡ್ ತಲೆ ಎತ್ತಿತು. ಮುಂದಿನ ಓದಿನಲ್ಲಿ ಇನ್ನೂ ಎತ್ತರ.

ಅವಳು ಬಾಗಿಲಿಗೆ ಓಡಿದಳು. "ಮಾಳಿಂಗಪ್ಪ ಕಾಕಾ, ವಾಲ್ವ್ ಬಂದ್ ಮಾಡ್ರಿ!"

ರಿಯಾಕ್ಟರಿನ ಅಟ್ಟದ ಮೇಲಿದ್ದ ಹಳೆಯ ಕೆಲಸಗಾರ ಮಾಳಿಂಗಪ್ಪ ಚಕ್ರದ ಮೇಲೆ ಕೈಯಿಟ್ಟು ತಡೆದ. "ಸಾಹೇಬ್ರು ಹೇಳ್ಬೇಕಲ್ರಿ ಮೇಡಂ?"

ಗುರುಶಾಂತ ಪರದೆ ನೋಡಿದ. ಮುಖದ ಬಣ್ಣ ಇಳಿಯಿತು. "ಬಂದ್ ಮಾಡು! ಮಾಡಿ ಕೆಳಗಿಳಿ!"

ಒಳಗೆ ಕೂಡಿದ್ದ ಬ್ರೋಮೈಡನ್ನು ಮೆಗ್ನೀಸಿಯಮ್ ಈಗ ತಿನ್ನತೊಡಗಿ, ಏಳು ನಿಮಿಷಕ್ಕೆ ಶಾಖ ನಲವತ್ತೊಂದಾಯಿತು. ಐವತ್ತೆಂಟು. ಅರವತ್ತಾರಕ್ಕೆ ದ್ರಾವಕ ಕುದಿದು ಮೇಲಿನ ಕೊಳವೆಗಳು ಗುಡುಗುಡಿಸಿದವು. ಒತ್ತಡದ ಮುಳ್ಳು ಕೆಂಪು ಗುರುತಿನ ಬೆರಳಗಲದಷ್ಟು ಹತ್ತಿರ ಹೋಗಿ ನಡುಗುತ್ತ ನಿಂತಿತು. ಆಮೇಲೆ ಮುಳ್ಳು ಮೆಲ್ಲಗೆ ಹಿಂದೆ ಸರಿಯಿತು.

ಮಾಳಿಂಗಪ್ಪ ಮೆಟ್ಟಿಲ ಮೇಲೆ ಕೂತ. ಇರಮ ಬಾಟಲಿ ಎತ್ತಿದಾಗ ನೀರು ದುಪಟ್ಟಾದ ಮೇಲೆ ಚೆಲ್ಲಿತು.

ಗುರುಶಾಂತ ಅವಳತ್ತ ತಿರುಗಿ ಕೇಳಿದ, "ಉಳದಿದ್ದ ಬ್ರೋಮೈಡ್ ಯಾವಾಗ ಬಿಡೋಣ್ರಿ?"

ಮೂರು ತಿಂಗಳಲ್ಲಿ ಅವನು ಅವಳನ್ನು ಕೇಳಿದ್ದು ಅದೇ ಮೊದಲು.

"ಈಗ ಒಳಗಿರೋದು ಪೂರಾ ತೀರ್ಲಿ ಸರ್. ಅಲ್ಲೀತನಕ ಒಂದು ಹನಿನೂ ಬ್ಯಾಡ."

ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ.