ಗಾನಾಳ ತಲೆವಸ್ತ್ರ

ನನ್ನ ಗಾಜಿನ ಫಲಕಕ್ಕೆ ಬಣ್ಣದ ವಿಷಯದಲ್ಲಿ ಬುದ್ಧಿಯೇ ಇಲ್ಲ. ನೀಲಿಯನ್ನು ಬೆಳ್ಳಗೆ ತೋರಿಸುತ್ತದೆ, ಕೆಂಪನ್ನು ಕಪ್ಪು ಮಾಡುತ್ತದೆ. ಯಾಕೆ ಎಂದು ಹದಿನಾಲ್ಕು ವರ್ಷದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಯಾಂತ್ರಾ ನದಿಯ ಈ ದಡದಲ್ಲಿ ಫೋಟೋ ತೆಗೆಯುವವನು ನಾನೊಬ್ಬನೇ, ಕೇಳೋಣವೆಂದರೂ ಯಾರಿಲ್ಲ.

ಆ ಶನಿವಾರ ಗಾನಾ ಬಂದಳು. ಅವಳ ಗಂಡ ಮಿಂಚೊ ತೋಟದ ಕೆಲಸಕ್ಕೆಂದು ಡಾನ್ಯೂಬ್ ದಾಟಿ ಬ್ರಯಿಲಾ ಪಟ್ಟಣಕ್ಕೆ ಹೋಗಿ ಆರು ವರ್ಷ. ಉಳಿದ ತೋಟಿಗರೆಲ್ಲ ಪ್ರತಿ ಚಳಿಗಾಲ ಮನೆಗೆ ಬರುತ್ತಾರೆ, ಇವನ ಪತ್ತೆಯಿಲ್ಲ. ಮನೆಯಲ್ಲಿ ಅವಳು, ಅತ್ತೆ ಇಬ್ಬರೇ. ಪಾದ್ರಿಯಿಂದ ಎಂಟು ಕಾಗದ ಬರೆಸಿದ್ದಳಂತೆ. ಚಿತ್ರದಲ್ಲಿ ತನ್ನ ಮುಖ ನೋಡಿದರಾದರೂ ಬಂದಾನು ಎಂದು ಮದುವೆಯ ಕೆಂಪು ತಲೆವಸ್ತ್ರ ಕಟ್ಟಿಕೊಂಡು ಬಂದಿದ್ದಳು.

ಮದ್ದು ಬಳಿದ ಫಲಕ ಒದ್ದೆಯಿರುವಾಗಲೇ ಚಿತ್ರ ತೆಗೆಯಬೇಕು, ಮೋಡ ಬೇರೆ ಕವಿಯುತ್ತಿತ್ತು. ಅವಳ ತಲೆಯನ್ನು ಹಿಂದಿನ ಕಬ್ಬಿಣದ ಕವೆಗೆ ಆನಿಸಿ, ಅಲುಗಾಡಬೇಡ ಎಂದು ಗದರಿ, ಹನ್ನೆರಡು ಎಣಿಸಿದೆ. ಆ ಅವಸರದಲ್ಲಿ ಬಣ್ಣದ ಮಾತು ಮರೆತೇಬಿಟ್ಟೆ.

ಅಚ್ಚಿನಲ್ಲಿ ಅವಳ ಕೆಂಪು ತಲೆವಸ್ತ್ರ ಕಪ್ಪಾಗಿ ಬಂದಿತ್ತು. ನಮ್ಮಲ್ಲಿ ಮನೆಯಲ್ಲಿ ಸಾವಾದಾಗ ಹೆಂಗಸರು ಕಪ್ಪು ಕಟ್ಟುತ್ತಾರೆ. ತಪ್ಪು ನನ್ನದೇ, ನೀಲಿ ವಸ್ತ್ರದಲ್ಲಿ ಇನ್ನೊಂದು ಪುಕ್ಕಟೆ ತೆಗೆಯುತ್ತೇನೆ ಎಂದೆ. ಅವಳು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದನ್ನೇ ಕಳಿಸ್ತೀನಿ, ಅಣ್ಣ."

"ಮನೇಲಿ ಯಾರೋ ಸತ್ರು ಅಂದ್ಕೋತಾನಲ್ಲಮ್ಮ."

"ಅಂದ್ಕೊಳ್ಳಲಿ. ನಿಜ ಬರೆಸಿ ಬರೆಸಿ ಸಾಕಾಗಿದೆ."

ಜೊತೆಗೆ ಒಂದಕ್ಷರವೂ ಬೇಡ ಎಂದಳು. ನಾನೇ ಟಪಾಲಿಗೆ ಹಾಕಿದೆ. ಮುಂದೇನಾಗುತ್ತದೋ ನೋಡಬೇಕೆಂಬ ಚಪಲಕ್ಕೆ ದಿನವೂ ಏನಾದರೊಂದು ನೆಪ ಮಾಡಿಕೊಂಡು ಅವಳ ಬೀದಿಯಲ್ಲಿ ಸುಳಿದಾಡಿದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಮಿಂಚೊ ಬಂದೇಬಿಟ್ಟ. ಗಾನಾ ಅದೇ ಕೆಂಪು ವಸ್ತ್ರ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವನು ಅವಳನ್ನು ಬದಿಗೆ ಸರಿಸಿ, ಮುಖವನ್ನೂ ನೋಡದೆ ಒಳಗೆ ನುಗ್ಗಿದ. ಒಳಗೆ ಅವನ ತಾಯಿ ಗಟ್ಟಿಮುಟ್ಟಾಗಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಆ ಮುದುಕಿಯ ಮಡಿಲಲ್ಲಿ ತಲೆಯಿಟ್ಟು ಅವನು ಬಿಕ್ಕಿ ಬಿಕ್ಕಿ ಅತ್ತದ್ದು ಬೀದಿಗೇ ಕೇಳಿಸಿತು.

ನಾನು ಬೇಲಿಯ ಹತ್ತಿರ ಹೋಗಿ, ಅಂತೂ ಬಂದನಲ್ಲಮ್ಮ ಎಂದೆ.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಕೂಗಿದಳು, ಮಗ ಹಸಿದು ಬಂದಿದ್ದಾನೆ, ಬೇಗ ಬಡಿಸು ಎಂದು.

ಗಾನಾ ಹೊಸ್ತಿಲ ಮೇಲೆ ಕೂತಳು. "ನೀವೇ ಬಡಿಸಿ, ಅತ್ತೆ," ಎಂದಳು. "ಅವರು ಬಂದಿರೋದು ನಿಮಗೋಸ್ಕರ."