ಪಕ್ಕದ ಮನೆಯ ರಾಣಿ

ದೊಡ್ಡಕ್ಕನ ಕೈ ಬಿಗಿ ಎಂದು ಆಡಿಕೊಳ್ಳುವವರು ಆ ಕೈಯನ್ನು ಸರಿಯಾಗಿ ನೋಡಿದವರಲ್ಲ. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ತಲೆ ನರೆಯುವವರೆಗೂ ಹಾಸುಬಟ್ಟೆ ಒಗೆದು, ಹಿಂಡಿ, ಇಸ್ತ್ರಿ ಮಾಡಿದ ಕೈ ಅದು. ಬಿಸಿನೀರು, ಸೋಡಾಪುಡಿಗೆ ಸಿಕ್ಕಿ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಅಂಥ ಕೈಯಿಂದ ಏನೂ ಜಾರಿಹೋಗದಿರಲಿ ಎಂದು ಅವಳು ಸ್ವಲ್ಪ ಒತ್ತಿ ಹಿಡಿಯುತ್ತಿದ್ದಳು, ಅಷ್ಟೇ.

ಮನೆಯೆಂದರೆ ಗಡಿಯಾರ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ. ಅಲ್ಲಿದ್ದವರು ಇಬ್ಬರು, ದೊಡ್ಡಕ್ಕ ಮತ್ತು ಅವಳ ವಾರಗಿತ್ತಿ ಚಿಕ್ಕಿ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ಆ ಅಣ್ಣತಮ್ಮಂದಿರು ಒಬ್ಬರ ಹಿಂದೊಬ್ಬರು ಕಣ್ಣು ಮುಚ್ಚಿದ ಮೇಲೂ ಇವರಿಬ್ಬರು ಬೇರೆಯಾಗುವ ಮಾತೆತ್ತಲಿಲ್ಲ. ಎತ್ತುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಜಗಳವಾಡುವುದಕ್ಕೇ ಹೊತ್ತು ಸಾಲುತ್ತಿರಲಿಲ್ಲ.

ಚಿಕ್ಕಿ ಮಾರುಕಟ್ಟೆ ಬೀದಿಯ ಹೆಂಗಸರ ಪಾರ್ಲರಿನಲ್ಲಿ ಕೂದಲು ಕತ್ತರಿಸುತ್ತಿದ್ದಳು. ಸಂಜೆ ಅವಳು ಮೆಟ್ಟಿಲು ಹತ್ತುವಾಗ ಮೊದಲು ಕೇಳಿಸುತ್ತಿದ್ದುದು ಕಾಗದದ ಚೀಲದ ಸರಸರ ಸದ್ದು, ಆಮೇಲೆ ಚಪ್ಪಲಿಯ ಸದ್ದು. ಒಂದು ದಿನ ಹಾಡುವ ಅಲಾರಂ, ಇನ್ನೊಂದು ದಿನ ಯಾರೂ ಹೂವಿಡದ ಹೂಜಿ, ಮತ್ತೊಂದು ದಿನ ಇಬ್ಬರಿಗೆ ತಿಂದು ಮುಗಿಸಲಾಗದಷ್ಟು ಕೇಕು.

"ಇದ್ಯಾತಕ್ಕೆ ತಂದ್ಯೇ?"

"ಚೆನ್ನಾಗಿತ್ತು."

"ಚೆನ್ನಾಗಿರೋದನ್ನೆಲ್ಲ ತರ್ತಾ ಹೋದ್ರೆ ನಾವು ಮೆಟ್ಟಿಲ ಮೇಲೆ ಮಲಗ್ಬೇಕಾಗತ್ತೆ."

"ಹೋಗ್ಲಿ ಬಿಡಕ್ಕಾ."

ಈ 'ಹೋಗ್ಲಿ ಬಿಡು' ಎಂಬ ಮಾತು ಕಿವಿಗೆ ಬಿದ್ದರೆ ದೊಡ್ಡಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಇಡೀ ಜೀವನದಲ್ಲಿ ಅವಳು ಯಾವುದನ್ನೂ ಹೋಗಲಿ ಎಂದು ಬಿಟ್ಟವಳಲ್ಲ. ಸಾಬೂನು ಸವೆದು ಎಲೆಯಷ್ಟು ತೆಳುವಾದರೆ ಅದನ್ನು ಹೊಸ ಸಾಬೂನಿನ ಬೆನ್ನಿಗೆ ಒತ್ತಿ ಅಂಟಿಸುತ್ತಿದ್ದಳು.

ಅವಳ ಕೈಗೆ ಫೋನು ಬಂದದ್ದೂ ಹಾಗೇ ಒಂದು ಸಂಜೆ, ಕಾಗದದ ಚೀಲದಲ್ಲಿ. ಚಿಕ್ಕಿಯೇ ತಂದದ್ದು. ಎರಡು ದಿನ ಮುಟ್ಟದೆ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಮುಟ್ಟಿದಳು. ಗೆರೆ ಅಳಿಸಿದ ಅವಳ ಬೆರಳನ್ನು ಫೋನು ಗುರುತು ಹಿಡಿಯಲಿಲ್ಲ. ಕೊನೆಗೆ ಚಿಕ್ಕಿ ತನ್ನ ಬೆರಳಿನ ಗುರುತು ಕೊಟ್ಟಳು, ದೊಡ್ಡಕ್ಕನಿಗೆ ಅಂಕಿ ಒತ್ತಿ ತೆರೆಯುವುದನ್ನು ಕಲಿಸಿದಳು. ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುವುದನ್ನೂ ಅವಳೇ ಕಲಿಸಿದಳು. ದೊಡ್ಡಕ್ಕ ಶಾಲೆ ಬಿಟ್ಟದ್ದು ಕೂಡಿಸುವ ಲೆಕ್ಕ ಬಂದ ವರ್ಷ. ಕಳೆಯುವ ಲೆಕ್ಕವನ್ನು ಆಮೇಲೆ ಬದುಕೇ ಕಲಿಸಿತು.

ಆ ಫೋನಿನಲ್ಲಿ ಅವಳಿಗೆ ಸಿಕ್ಕಿದ್ದು ಮಿತ ಬಾಳು ಬಳಗ. ಎಲ್ಲೆಲ್ಲಿಯವರೋ ಸೇರಿಕೊಂಡು, ದುಡ್ಡು ಹೇಗೆ ಉಳಿಸಿದೆವು, ಯಾವ ಹಳೆಯದನ್ನು ಹೇಗೆ ಹೊಸದು ಮಾಡಿದೆವು ಎಂದು ತಂತಮ್ಮ ಪುಟದಲ್ಲಿ ಬರೆದುಕೊಳ್ಳುವ ತಾಣ. ನಿಜ ಹೆಸರು ಯಾರೂ ಹಾಕಬಾರದು. ಹರಿದ ಜೇಬು ಎಂದೊಬ್ಬರು, ಅರ್ಧ ಲೋಟ ಎಂದೊಬ್ಬರು. ದೊಡ್ಡಕ್ಕ ಸಾಬೂನು ಚೂರು ಎಂದು ಇಟ್ಟುಕೊಂಡಳು.

ಮೊದಲು ಬರೆದದ್ದು ತನಗೆ ಗೊತ್ತಿದ್ದ ಕೆಲಸ. ಹಾಸುಬಟ್ಟೆ ಸವೆಯುವುದು ನಡುವೆ, ಮೈ ಹೊರಳುವ ಕಡೆ. ಅಂಚು ತಂದ ದಿನದ ಹಾಗೇ ಇರುತ್ತದೆ. ಸವೆದದ್ದನ್ನು ಉದ್ದಕ್ಕೆ ಎರಡಾಗಿ ಸೀಳಿ, ಗಟ್ಟಿ ಅಂಚುಗಳನ್ನು ನಡುವೆ ತಂದು ಸೇರಿಸಿ ಹೊಲಿಯಬೇಕು. ತೆಳುವಾದ ಭಾಗ ಬದಿಗೆ ಹೋಗಿ ಹಾಸಿಗೆಯ ಕೆಳಗೆ ಮಡಚಿಕೊಳ್ಳುತ್ತದೆ, ಬಟ್ಟೆ ಮತ್ತಷ್ಟು ಕಾಲ ಬಾಳುತ್ತದೆ. ಇಷ್ಟನ್ನು ಒತ್ತುವುದಕ್ಕೆ ಅವಳಿಗೆ ಒಂದು ವಾರ ಹಿಡಿಯಿತು. ಬಳಗದವರು ಬೆನ್ನು ತಟ್ಟಿದ್ದೇ ತಟ್ಟಿದ್ದು.

ತೊಂದರೆ ಶುರುವಾದದ್ದು ಶನಿವಾರಗಳಿಂದ. ಶನಿವಾರ ಬಂತೆಂದರೆ ಪ್ರತಿಯೊಬ್ಬರೂ ಆ ವಾರದ ಸೋರಿಕೆ ಬರೆಯಬೇಕು, ಅದು ಬಳಗದ ಪದ್ಧತಿ. ಸೋರಿಕೆಯೆಂದರೆ ಬೇಕಿಲ್ಲದೆ ಮಾಡಿದ ಖರ್ಚು. ಹರಿದ ಜೇಬು ಮೂರನೆಯ ಟೀ ಕುಡಿದದ್ದನ್ನು ಬರೆಯುತ್ತಿದ್ದರು, ಅರ್ಧ ಲೋಟ ತಮ್ಮ ಕಾಲಿಗೆ ಹಿಡಿಸದ ಬೂಟು ಕೊಂಡದ್ದನ್ನು. ಎಲ್ಲರೂ ನಕ್ಕು ಸಮಾಧಾನ ಹೇಳುತ್ತಿದ್ದರು. ದೊಡ್ಡಕ್ಕ ಎಷ್ಟು ತಡಕಿದರೂ ಅವಳ ವಾರದಲ್ಲಿ ಒಂದು ತೂತೂ ಸಿಗಲಿಲ್ಲ. ಏನೂ ಇಲ್ಲ ಎಂದು ಬರೆದರೆ ಜಂಭ ಅಂದುಕೊಂಡಾರು. ಹಾಗೆ ಯೋಚಿಸುತ್ತಾ ಕೂತಿದ್ದಾಗ ಮೆಟ್ಟಿಲ ಮೇಲೆ ಕಾಗದದ ಚೀಲ ಸರಸರ ಎಂದಿತು.

ಚಿಕ್ಕಿಯ ಸೋರಿಕೆಯನ್ನು ಬರೆದಳು. ನನ್ನ ಮನೆಯವಳೇ ಹೀಗೆ ಎಂದರೆ, ಮನೆಯೊಳಗೇ ತಿದ್ದಲಾಗದವಳು ಊರಿಗೆ ಬುದ್ಧಿ ಹೇಳುತ್ತಾಳೆ ಎಂದಾರು ಅನ್ನಿಸಿ, 'ಪಕ್ಕದ ಮನೆಯ ರಾಣಿ' ಎಂದು ಹಾಕಿದಳು.

ರಾಣಿ ಬಳಗದಲ್ಲಿ ಮನೆಮಾತಾದಳು. ಶನಿವಾರ ಬರುವುದೇ ತಡ, ರಾಣಿ ಏನು ತಂದಳು ಎಂದು ಕೇಳುವವರು ಸಾಲುಗಟ್ಟುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಗಿಸಿದ್ದು ಕೊಡೆಯ ಕಥೆ. ರಾಣಿ ಗಿಳಿಮೂತಿಯ ಹಿಡಿಯಿರುವ ಹಸಿರು ಕೊಡೆ ಕೊಂಡಳು. ಅದೇ ಸಂಜೆ ಮಳೆ ಬಂತು. ಬಸ್ ನಿಲ್ದಾಣದಲ್ಲಿ ಮಗು ಎತ್ತಿಕೊಂಡು ನಿಂತಿದ್ದ ಗುರುತಿಲ್ಲದವಳ ಕೈಗೆ ಆ ಕೊಡೆ ಕೊಟ್ಟು, ತಾನು ತೊಯ್ದು ತೊಪ್ಪೆಯಾಗಿ, ಹಾಡಿಕೊಂಡು ಮನೆಗೆ ಬಂದಳು. 'ಕೊಡೆಯ ಆಯಸ್ಸು ಒಂದು ಮಧ್ಯಾಹ್ನ' ಎಂದು ದೊಡ್ಡಕ್ಕ ಅದಕ್ಕೆ ತಲೆಬರಹ ಕೊಟ್ಟಿದ್ದಳು. ಬರೆಯುವಾಗ ತಾನೊಬ್ಬಳೇ ಕಿಲಕಿಲ ನಕ್ಕಿದ್ದಳು.

ಅದಾದ ಕೆಲವು ದಿನಗಳಿಗೆ ಮೆಟ್ಟಿಲ ಸದ್ದು ಬದಲಾಯಿತು. ಬರೀ ಚಪ್ಪಲಿ. ಚೀಲವಿಲ್ಲ. ಕೇಕಿಲ್ಲ. ಚಿಕ್ಕಿ ಟೀಗೆ ಸಕ್ಕರೆ ಕಡಿಮೆ ಹಾಕಿಕೊಂಡಳು. ಕೋಣೆಯಿಂದ ಹೊರಬರುವಾಗಲೆಲ್ಲ ದೀಪ ಆರಿಸಿದಳು. ತುಂಡಾದ ಚಪ್ಪಲಿಯನ್ನು ಎಸೆಯದೆ ಹೊಲಿಸಿಕೊಂಡು ಬಂದಳು.

ದೊಡ್ಡಕ್ಕ ಹಿಗ್ಗಿದಳು. ಅಂತೂ ಇಂತೂ ಬುದ್ಧಿ ಬಂತಲ್ಲ! ಆ ಶನಿವಾರ, ಪಕ್ಕದ ಮನೆಯ ರಾಣಿ ದಾರಿಗೆ ಬಂದಳು ಎಂದು ಬರೆದಳು. ಬಳಗದವರು ಚಪ್ಪಾಳೆಯ ಚಿತ್ರ ಕಳಿಸಿದರು. ಮುಂದಿನ ವಾರವೂ ರಾಣಿ ಏನೂ ತರಲಿಲ್ಲ ಎಂದು ಬರೆದಳು. ಚಪ್ಪಾಳೆ ಕಡಿಮೆಯಾಯಿತು. ಕೆಳಗೆ ಹರಿದ ಜೇಬು ಒಂದೇ ಸಾಲು ಬರೆದಿದ್ದರು: 'ಪಾಪ, ಹುಷಾರಾಗಿದ್ದಾರೆ ತಾನೇ?'

ದೊಡ್ಡಕ್ಕ ಆ ಸಾಲನ್ನು ತಿರುಗಿ ಓದಿದಳು. ಆಮೇಲೆ ಮನೆಯ ಸದ್ದನ್ನು ಕಿವಿಗೊಟ್ಟು ಕೇಳಿದಳು. ಕೆಳಗಿನ ಅಂಗಡಿಯ ಗಡಿಯಾರಗಳು ಟಿಕ್ ಟಿಕ್ ಎನ್ನುವುದು ಮೇಲಿನವರೆಗೆ ಕೇಳುತ್ತದೆ ಎಂದು ಅವಳಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಸೋಮವಾರ ಪಾರ್ಲರಿಗೆ ರಜೆ. ಮಧ್ಯಾಹ್ನ ದೊಡ್ಡಕ್ಕ ಟೀ ಲೋಟ ಹಿಡಿದು ಚಿಕ್ಕಿಯ ಕೋಣೆಗೆ ಹೋದಳು. ಬಾಗಿಲಲ್ಲೇ ಕಾಲು ನಿಂತಿತು. ಹುಟ್ಟಿದಾಗಿನಿಂದ ಒಂದು ಗುಂಡಿಯನ್ನೂ ಹಚ್ಚಿಕೊಳ್ಳದ ಚಿಕ್ಕಿ ನೆಲದ ಮೇಲೆ ಕೂತು, ತನ್ನ ಹಾಸುಬಟ್ಟೆಯನ್ನು ಉದ್ದಕ್ಕೆ ಸೀಳಿ, ಅಂಚುಗಳನ್ನು ನಡುವೆ ತಂದು, ಸೂಜಿಯಿಂದ ಹೊಲಿಯುತ್ತಿದ್ದಳು. ಹೊಲಿಗೆ ಹಗ್ಗದ ಹಾಗೆ ಉಬ್ಬಿತ್ತು.

"ಏನೇ ಇದು?"

"ಸಾಬೂನು ಚೂರು ಅಂತ ಒಬ್ರು ಬರೀತಾರೆ. ಅವರು ಹೇಳಿದ ಹಾಗೆ ಮಾಡ್ತಾ ಇದೀನಿ."

ದೊಡ್ಡಕ್ಕ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಪಾರ್ಲರಲ್ಲಿ ಒಬ್ಬಮ್ಮ ಗಟ್ಟಿಯಾಗಿ ಓದಿದ್ರು," ಎಂದಳು ಚಿಕ್ಕಿ, ಸೂಜಿಯಿಂದ ಕಣ್ಣೆತ್ತದೆ. "ಗಿಳಿಮೂತಿ ಕೊಡೆ, ಬಸ್ ನಿಲ್ದಾಣ. ಊರಲ್ಲಿ ಅಂಥ ಪೆದ್ದಿ ಇನ್ನೆಷ್ಟು ಜನ ಇದಾರೆ? ಎಲ್ರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಕತ್ತರಿ ಜಾರಿ ಆಯಮ್ಮನ ಮುಂಗೂದಲು ಅರ್ಧ ಹೋಯ್ತು."

"ಅಯ್ಯೋ."

"ಅವರಿಗೆ ಅದೇ ಇಷ್ಟ ಆಯ್ತಂತೆ, ಬಿಡು."

ಮಾತು ತೋಚದಿದ್ದಾಗ ದೊಡ್ಡಕ್ಕನ ಬಾಯಿಗೆ ಬರುವುದು ಕೆಲಸದ ಮಾತೇ. "ಅಂಚಿಗೆ ಅಂಚು ಚಪ್ಪಟೆ ಕೂರಿಸಿ ಹೊಲೀಬೇಕು. ಹೀಗೆ ಉಬ್ಬಿದ್ರೆ ಬೆನ್ನಿಗೆ ಒತ್ತತ್ತೆ."

"ಒತ್ತಲಿ. ಪಾರ್ಲರ್ ಮೇಲೆ ಒಂದು ರೂಮು ಖಾಲಿ ಇದೆ. ಒಂದನೇ ತಾರೀಕಿಂದ ಅಲ್ಲಿಗೆ ಹೋಗ್ತೀನಿ. ಮುಂಗಡ ಕೊಟ್ಟಾಯ್ತು." ಚಿಕ್ಕಿ ದಾರವನ್ನು ಹಲ್ಲಲ್ಲಿ ಕಡಿದಳು. "ಕೈಯಲ್ಲಿ ಕಾಸಿರ್ಲಿಲ್ಲ. ನೀನು ಬರೆದಿದ್ದನ್ನೆಲ್ಲ ಓದಿ, ಹಾಗೇ ಮಾಡಿ, ಕೂಡಿಟ್ಟೆ. ಚೆನ್ನಾಗಿ ಹೇಳ್ಕೊಡ್ತೀಯ ಅಕ್ಕಾ. ನಿಜ."

ತಾನು ಬರೆದ ಒಂದೊಂದು ಮಾತೂ ಈ ಹುಡುಗಿಯ ಗಂಟುಮೂಟೆ ಕಟ್ಟಿಕೊಟ್ಟಿತೆಂದು ದೊಡ್ಡಕ್ಕನಿಗೆ ಆಗ ತಿಳಿಯಿತು. ಹುಡುಗಿಯೆಂದರೆ ಅವಳಿಗೂ ತಲೆ ನರೆತಿತ್ತು, ಆದರೆ ದೊಡ್ಡಕ್ಕನ ಕಣ್ಣಿಗೆ ಅವಳು ಮದುವೆಯಾಗಿ ಬಂದ ದಿನದ ಹುಡುಗಿಯೇ.

"ದುಂದುಗಾತಿ ಅಂದಿದ್ದಕ್ಕೆ ಇಷ್ಟು ಕೋಪಾನಾ? ಬಾಯಲ್ಲಿ ದಿನಾ ಅಂತಿದ್ನಲ್ಲೇ!"

"ಅನ್ನು. ಇನ್ನೂ ನೂರು ಅನ್ನು. ಅದಕ್ಕಲ್ಲ." ಚಿಕ್ಕಿ ಈಗ ಕಣ್ಣೆತ್ತಿದಳು. "ಪಕ್ಕದ ಮನೆಯವಳು ಅಂದ್ಯಲ್ಲಕ್ಕಾ. ಇಷ್ಟು ವರ್ಷ ಒಂದೇ ಒಲೆ, ಒಂದೇ ಬಾಚಣಿಗೆ. ನಾನು ಪಕ್ಕದ ಮನೆಯವಳಾ?"

"ಹೆಸರು ಹಾಕ್ಬಾರ್ದು ಅಂತ ಅಲ್ಲಿ ನಿಯಮ ಕಣೇ..."

"ಹೆಸರು ಯಾರು ಕೇಳಿದ್ರು? ವಾರಗಿತ್ತಿ ಅಂತ ಒಂದು ಮಾತು ಬರೀಬಹುದಿತ್ತು. ಅದಕ್ಕೇನು ಖರ್ಚಾಗ್ತಿತ್ತು?"

ಟೀ ಆರಿತ್ತು. ಬಿಸಿ ಮಾಡಿಕೊಂಡು ಬರುತ್ತೇನೆಂದು ಲೋಟ ಎತ್ತಿಕೊಂಡು ಹೋದ ದೊಡ್ಡಕ್ಕ ಅಡುಗೆಮನೆಯಲ್ಲೇ ನಿಂತುಬಿಟ್ಟಳು.

ಆ ವಾರವೆಲ್ಲ ಇಬ್ಬರೂ ಬಹಳ ಮರ್ಯಾದೆಯಿಂದ ಇದ್ದರು. ಜಗಳವಿಲ್ಲದ ಆ ಮರ್ಯಾದೆಯಲ್ಲಿ ಉಸಿರು ಕಟ್ಟುತ್ತಿತ್ತು. ಶುಕ್ರವಾರ ದೊಡ್ಡಕ್ಕ ಮನೆಗೆ ಬೀಗ ಹಾಕಿ ಮಾರುಕಟ್ಟೆ ಬೀದಿಗೆ ಹೋದಳು. ಕೊಡೆ ಅಂಗಡಿಯವನು ಅವಳನ್ನು ಬಲ್ಲವನು. ಹಿಂದೆ ಒಮ್ಮೆ ಒಂದು ಕೊಡೆಕಡ್ಡಿಗಾಗಿ ಅವನ ಹತ್ತಿರ ಮಧ್ಯಾಹ್ನದವರೆಗೆ ಚೌಕಾಸಿ ಮಾಡಿದ್ದಳು. ಅವನು ಅವಳನ್ನು ಕಂಡೊಡನೆ ಕುರ್ಚಿ ಎಳೆದು ಗಟ್ಟಿಯಾಗಿ ಕೂತ.

"ಗಿಳಿಮೂತಿದು ಇದೆಯೇನಪ್ಪಾ?"

ಅವನು ತೆಗೆದು ತೋರಿಸಿ, ಬೆಲೆ ಹೇಳಿ, ಕಾದ. ದೊಡ್ಡಕ್ಕ ದುಡ್ಡು ಎಣಿಸಿ ಕೊಟ್ಟಳು.

"ಅಮ್ಮಾ, ಹುಷಾರಾಗಿದೀರಾ?" ಎಂದ ಅಂಗಡಿಯವನು.

ಶನಿವಾರ ಬೆಳಿಗ್ಗೆ ಚಿಕ್ಕಿ ಕೆಲಸಕ್ಕೆ ಹೋದ ಮೇಲೆ ಅವಳು ಫೋನು ಹಿಡಿದು ಕೂತಳು. ಅಕ್ಷರ ಅಕ್ಷರವಾಗಿ ಒತ್ತಿದಳು.

'ಈ ವಾರದ ಸೋರಿಕೆ ನನ್ನದು. ಗಿಳಿಮೂತಿಯ ಕೊಡೆ. ನನಗೆ ಕೊಡೆ ಇದೆ, ಬೇಕಿರಲಿಲ್ಲ. ರಾಣಿ ಪಕ್ಕದ ಮನೆಯವಳಲ್ಲ. ನನ್ನ ವಾರಗಿತ್ತಿ. ಒಂದೇ ಮನೆ. ನಾನು ನಾಚಿಕೊಂಡು ಸುಳ್ಳು ಬರೆದೆ. ನಾನು ಇದನ್ನು ಬರೆಯುತ್ತಿರುವ ಫೋನು ಅವಳ ಸೋರಿಕೆಯಿಂದಲೇ ಬಂದದ್ದು, ಬರೆಯಲು ಕಲಿಸಿದವಳೂ ಅವಳೇ. ಅವಳು ಏನೂ ತರದಿದ್ದರೆ ಈ ಮನೆಯಲ್ಲಿ ಗಡಿಯಾರದ ಸದ್ದು ಮಾತ್ರ ಕೇಳುತ್ತದೆ.'

ಸಂಜೆಯಾಯಿತು. ಮೆಟ್ಟಿಲ ಮೇಲೆ ಬರೀ ಚಪ್ಪಲಿಯ ಸದ್ದು. ದೊಡ್ಡಕ್ಕನ ಮುಖ ಸಣ್ಣಗಾಯಿತು. ಚಿಕ್ಕಿ ಒಳಗೆ ಬಂದು, ಮೇಜಿನ ಮೇಲಿದ್ದ ಫೋನಿಗೆ ತನ್ನ ಬೆರಳಿಟ್ಟು ತೆರೆದಳು. ನಿಂತೇ ಓದಿದಳು. ಪಾರ್ಲರಿನಲ್ಲಿ ಒಮ್ಮೆ ಓದಿ ಆಗಿತ್ತೆಂದು ಅವಳ ಕಣ್ಣೇ ಹೇಳುತ್ತಿತ್ತು, ಆದರೂ ಮತ್ತೆ ಓದಿದಳು. ಆಮೇಲೆ ಬಾಗಿಲ ಮೂಲೆಯಲ್ಲಿದ್ದ ಕೊಡೆಯನ್ನು ತೆಗೆದುಕೊಂಡು, ಬಿಚ್ಚಿ, ತಿರುಗಿಸಿ ನೋಡಿದಳು.

"ಎಷ್ಟು ಕೊಟ್ಟೆ?"

ದೊಡ್ಡಕ್ಕ ಹೇಳಿದಳು.

"ಅಯ್ಯೋ ದೇವರೇ! ಅಕ್ಕಾ, ನಾನು ತಗೊಂಡಿದ್ದು ಅದರ ಅರ್ಧಕ್ಕೆ! ಅವನ ಕಣ್ಣಿಗೆ ನೀನು ಏನು ಕಂಡೆ? ಒಂದು ಮಾತೂ ಇಳಿಸ್ಲಿಲ್ವಾ?"

"ಇಳಿಸೋ ಮನಸ್ಸಿರ್ಲಿಲ್ಲ."

"ನಿನ್ನನ್ನ ಒಬ್ಬಳೇ ಮಾರುಕಟ್ಟೆಗೆ ಬಿಟ್ರೆ ಮನೆ ಮುಳುಗಿಸ್ತೀಯ," ಎನ್ನುತ್ತ ಚಿಕ್ಕಿ ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಒರೆಸಿಕೊಂಡದ್ದೆಲ್ಲ ನಗುವಿನ ನೀರೇ ಆಗಿರಲಿಲ್ಲ. ಆಮೇಲೆ ಕೊಡೆಯ ಗಿಳಿಯ ಮೂಗನ್ನು ಸವರುತ್ತಾ ಅಂದಳು:

"ಹೋಗದೇ ಇದ್ರೆ ಮುಂಗಡ ವಾಪಸ್ ಕೊಡಲ್ಲ ಅಂತ ಆ ರೂಮಿನ ಯಜಮಾನ ಮೊದಲೇ ಹೇಳಿದಾನೆ. ಪೂರ್ತಿ ಹೋಗತ್ತೆ."

ಅಷ್ಟು ದುಡ್ಡು! ಸಕ್ಕರೆ ಕಡಿಮೆ ಹಾಕಿ, ದೀಪ ಆರಿಸಿ, ಚಪ್ಪಲಿ ಹೊಲಿಸಿ ಕೂಡಿಟ್ಟ ದುಡ್ಡು. ಜೀವಮಾನದಲ್ಲಿ ಆಡಿರದ ಮಾತು ದೊಡ್ಡಕ್ಕನ ನಾಲಿಗೆಯ ಮೇಲೆ ಸುಲಭವಾಗಿ ಹೊರಳಲಿಲ್ಲ.

"ಹೋಗ್ಲಿ ಬಿಡು," ಎಂದಳು.

ಚಿಕ್ಕಿ ಅವಳನ್ನೇ ನೋಡಿದಳು. "ಇನ್ನೊಂದ್ಸಲ ಹೇಳು."

"ಒಂದ್ಸಲ ಸಾಕು. ಆ ಹಾಸುಬಟ್ಟೆ ತಗೊಂಡು ಬಾ, ಆ ಹೊಲಿಗೆ ಬಿಚ್ಬೇಕು. ಅದರ ಮೇಲೆ ಮಲಗಿದ್ರೆ ನಿನ್ನ ಬೆನ್ನು ಏನಾಗ್ಬೇಡ!"

ಕಿಟಕಿಯ ಬೆಳಕಿಗೆ ಇಬ್ಬರೂ ಎದುರುಬದುರು ಕೂತರು. ಚಿಕ್ಕಿ ಬಟ್ಟೆಯನ್ನು ಎಳೆದು ಹಿಡಿದಳು, ದೊಡ್ಡಕ್ಕ ಒಂದೊಂದೇ ಹೊಲಿಗೆ ಬಿಚ್ಚಿದಳು. ಬಿಚ್ಚಿದ ದಾರವನ್ನು ಚಿಕ್ಕಿ ಉಂಡೆ ಮಾಡಿ ಕಸದ ಬುಟ್ಟಿಯ ಕಡೆಗೆ ಕೈ ಎತ್ತಿದಳು.

"ಏ, ಏ! ಎಸೀಬೇಡ ಕಣೇ. ಗಟ್ಟಿ ಇದೆ ಆ ದಾರ. ಇಲ್ಲಿ ಕೊಡು."