ಪೂಜೆಗೆಂದು ಆರಿಸಿದ ಲೈಟು

ಬಾಡಿದ ಚೆಂಡುಹೂವಿನ ಕಹಿವಾಸನೆ, ಅದರಡಿಗೆ ನೊಣಗಳ ಊಟಕ್ಕೆಂದು ಕಾಸಿದ ರವೆ-ಬೆಲ್ಲದ ಸಿಹಿ, ಎರಡೂ ಒಟ್ಟಿಗೆ ಮೂಗಿಗೆ ಬಂದಾಗ ದಾಕ್ಷಾಯಿಣಿಗೆ ಮನೆಯ ಶಿರಾ ನೆನಪಾಗಬೇಕಿತ್ತು, ಆಗಲಿಲ್ಲ, ನೆನಪಾದದ್ದು ಮೊನ್ನೆ ಬುಧವಾರ, ಆಯುಧ ಪೂಜೆಯ ದಿನ, ನೊಣ ಸಾಕುವ ಈ ಪೆಟ್ಟಿಗೆಗೆ ಮಾಲೆ ಹಾಕಿದ ತನ್ನದೇ ಕೈ — ಇವತ್ತು ಶುಕ್ರವಾರ, ಐದಕ್ಕೆ ಹತ್ತು ನಿಮಿಷ, ಕಾಲೇಜಿಗೆ ಇನ್ನೂ ದಸರಾ ರಜೆ, ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಇಬ್ಬರೇ, ತಾನು ಮತ್ತು ಅಭಿಜ್ಞಾ ಮೇಡಂ, ಹೊರಗೆ ಹೆದ್ದಾರಿಯಲ್ಲಿ ಅಂಕೋಲೆಗೆ ಇಳಿಯುವ ಲಾರಿಗಳ ಸದ್ದು, ಮೇಡಂ ಉದ್ದನೆಯ ಅಲ್ಯೂಮಿನಿಯಂ ಹಲಗೆಯ ಒಂದು ತುದಿಗೆ ಐಸು ಜೋಡಿಸುತ್ತಾಳೆ, ಇನ್ನೊಂದು ತುದಿಯ ಹೀಟರು ಹಚ್ಚುತ್ತಾಳೆ, ಹಚ್ಚುತ್ತಲೇ ಫೋನಿನಲ್ಲಿ ಊರಲ್ಲಿರುವ ತಾಯಿಗೆ, ಆಯಿ, ಆನು ಉಮ್ಮಚಗಿಗೆ ಬಪ್ಪದು ತಡ ಆಗ್ತು, ನೊಣ ನೋಡವು, ಹೌದೇ, ನೊಣವೇ, ನೆಗ್ಯಾಡಡ — ನಗಬೇಡ ಎನ್ನುತ್ತ ತಾನೇ ನಗುತ್ತಾಳೆ, ಎಷ್ಟು ಹಗುರ ಅವಳ ನಗೆ, ಕೇಳಿದ್ದೆಲ್ಲ ಕೈಗೆ ಬಂದವರ ನಗೆ, ಹದಿನೆಂಟು ವರ್ಷ ಚಿಕ್ಕವಳು, ತಾನು ಈ ಲ್ಯಾಬಿಗೆ ಸೇರಿದಾಗ ಕನ್ನಡ ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದವಳು.

ಮೊದಲು ನೋಡಿದ್ದು ಯಾರು, ಅದನ್ನು ಯಾರಾದರೂ ಒಮ್ಮೆ ಕೇಳಬೇಕಲ್ಲ, ಐದು ವರ್ಷದ ಹಿಂದೆ, ಮೇಡಂ ಆಗಷ್ಟೇ ಕೆಲಸಕ್ಕೆ ಸೇರಿದ್ದಳು, ಬಾಟಲಿಯಿಂದ ತಪ್ಪಿಸಿಕೊಂಡ ಹಣ್ಣುನೊಣಗಳು ಬೆಳಿಗ್ಗೆ ಕಿಟಕಿಯ ತಂಪು ಕಲ್ಲಿನ ಮೇಲೆ, ಸಂಜೆ ಐದಾದರೆ ಓವನ್ನಿನ ಪಕ್ಕದ ಬಿಸಿ ಗೋಡೆಯ ಮೇಲೆ, ಎಳ್ಳು ಚೆಲ್ಲಿದ ಹಾಗೆ, ಓವನ್ನು ಬೆಳಿಗ್ಗೆಯೂ ಬಿಸಿಯೇ ಇರುತ್ತಿತ್ತು, ಆದರೂ ಬೆಳಿಗ್ಗೆ ಒಂದೂ ಅತ್ತ ಸುಳಿಯುತ್ತಿರಲಿಲ್ಲ, ದಿನಾ ಕಂಡದ್ದನ್ನು ಚಾ ಕುಡಿಯುವಾಗ ಮೇಡಂಗೆ ಹೇಳಿದವಳು ತಾನೇ, ಅವಳು ಲೋಟ ಕೆಳಗಿಟ್ಟು, ಖರೇನಾ ಅಕ್ಕಾ, ಅಂದಳು, ಆಮೇಲೆ ಅವಳೇ ತನಗೆ ತಿಳಿಸಿ ಹೇಳಿದಳು, ನೊಣಕ್ಕೆ ತನ್ನದು ಅಂತ ಮೈಕಾವು ಇಲ್ಲೆ ಅಕ್ಕಾ, ಕೂತ ಜಾಗದ ಕಾವೇ ಅದರ ಕಾವು, ಯಾವ ಹೊತ್ತಿಗೆ ಎಲ್ಲಿ ಕೂರಬೇಕು ಅಂತ ಮಿದುಳೊಳಗಿನ ಗಡಿಯಾರ ಹೇಳ್ತು — ಮುಂದೆ ಆ ಸಂಶೋಧನೆಯ ಪೋಸ್ಟರು ಬಂತು, ಮೇಲೆ ದಪ್ಪಕ್ಷರದಲ್ಲಿ ಅವಳ ಹೆಸರು, ಕೆಳಗೆ ಇರುವೆ ಸಾಲಿನಂತೆ, ಸಹಕಾರ: ಪ್ರಯೋಗಾಲಯದ ಸಿಬ್ಬಂದಿ, ಸಿಬ್ಬಂದಿಗೆ ಹೆಸರಿರುವುದಿಲ್ಲವೇ, ನೊಣದ ಬಾಟಲಿಗೂ ಚೀಟಿ ಅಂಟಿಸಿ ಹೆಸರು ಬರೆಯುತ್ತೇವೆ, ಪ್ರಿನ್ಸಿಪಾಲರಂತೂ ಎಲ್ಲರೆದುರು, ನೋಡ್ರಿ ದಾಕ್ಷಾಯಿಣಿ, ಈ ಹುಡುಗಿ ಬಂದು ಎರಡೇ ವರ್ಷಕ್ಕ ಕಾಲೇಜಿನ ಹೆಸರು ಮ್ಯಾಲೆತ್ತಿದ್ಲು, ಎಲ್ಲಾರಿಗೂ ಸ್ವಲ್ಪ ಚಾ ತರಸ್ರಿ — ತರಿಸಿದಳು, ಸಕ್ಕರೆ ಜಾಸ್ತಿ ಹಾಕಿಸಿಯೇ ತರಿಸಿದಳು, ಸೋಮವಾರ ಧಾರವಾಡದಲ್ಲಿ ಅವಳ ಭಾಷಣ, ಇವತ್ತಿನದು ಕೊನೆಯ ಪರೀಕ್ಷೆ, ಇವತ್ತು ನೊಣಗಳು ಬಿಸಿಯ ಕಡೆಗೆ ಹೋಗದಿದ್ದರೆ ಅವಳು ಅಲ್ಲಿ ಏನು ತೋರಿಸುತ್ತಾಳೆ.

ಪದ್ಧತಿ ಅದು, ಪೂಜೆ ಮಾಡಿದ ಯಂತ್ರವನ್ನು ಬನ್ನಿ ಹಂಚಿ ಮುಗಿಯುವ ತನಕ ಓಡಿಸುವುದಿಲ್ಲ, ತಕ್ಕಡಿ ಬಂದ್, ಓವನ್ನು ಬಂದ್, ನೊಣದ ಪೆಟ್ಟಿಗೆಯೂ ಯಂತ್ರವೇ ತಾನೆ, ಅದರೊಳಗೆ ಬೆಳಿಗ್ಗೆ ಏಳಕ್ಕೆ ಹತ್ತಿ ಸಂಜೆ ಏಳಕ್ಕೆ ಆರುವ ಲೈಟೇ ಆ ನೊಣಗಳ ಸೂರ್ಯ, ಸ್ವಿಚ್ಚಿನ ಮೇಲೆ ಮೇಡಂ ಬರೆದ ಚೀಟಿ, ದಯವಿಟ್ಟು ಮುಟ್ಟಬೇಡಿ, ಆ ಚೀಟಿಯ ಮೇಲೆಯೇ ವಿಭೂತಿ ಎಳೆದು, ಕುಂಕುಮ ಇಟ್ಟು, ಮಾಲೆ ಇಳಿಬಿಟ್ಟು, ಮಾಲೆಯ ಕೆಳಗೆ ಬೆರಳು ತೂರಿಸಿ — ಟಕ್ — ಪದ್ಧತಿಯಾದರೆ ಫ್ರಿಜ್ಜು ಯಾಕೆ ಆರಿಸಲಿಲ್ಲ, ಫ್ರಿಜ್ಜಿಗೂ ಮಾಲೆ ಹಾಕಿತ್ತಲ್ಲ, ಅದರೊಳಗೆ ಪ್ರಿನ್ಸಿಪಾಲರ ಪೇಢೆ ಇತ್ತೆಂದೇ, ಶಿವನೇ, ಕೈ ಮುಗಿದುಕೊಂಡೇ ಮಾಡಿದೆನಲ್ಲ ಅದನ್ನು.

ಅಯ್ಯ, ಒಳಗೆ ಲೈಟೇ ಇಲ್ಲೆ, ಮೇಡಂ ಪೆಟ್ಟಿಗೆ ತೆರೆದು ನಿಂತಿದ್ದಾಳೆ, ಪೂಜೆಗೆ ಆರಿಸಿದ್ದೆರೀ ಮೇಡಂ, ಬುಧವಾರ, ನಾನೇ, ತನ್ನ ದನಿ ತನಗೇ ಎಷ್ಟು ಮೆತ್ತಗೆ ಕೇಳಿಸಿತು, ಎರಡು ದಿನ ಕತ್ತಲೆಯಾ ಅಕ್ಕಾ, ಎರಡು ದಿನಾನಾ, ಅವಳ ಕಣ್ಣು ತುಂಬಿತು, ದಾಕ್ಷಾಯಿಣಿಯ ಗಂಟಲಲ್ಲಿ ಏನೋ ತಂಪು ಇಳಿಯಿತು, ಬೈಯಲಿ, ಒಂದು ಸಲ ಬೈದುಬಿಡಲಿ, ಬೈದರೆ ಸಮ ಆದೀತು, ಅವಳು ಬೈಯಲಿಲ್ಲ, ಮೂಗು ಒರೆಸಿಕೊಂಡು, ಆದದ್ದಾಯ್ತು, ಬಿಟ್ಟು ನೋಡುವಾ, ಎಂದು ಕಿಟಕಿಯ ಪರದೆ ಎಳೆದು, ನೊಣಗಳಿಗೆ ಕಾಣದ ಕೆಂಪು ಬಲ್ಬು ಹಚ್ಚಿ, ಹಲಗೆಯ ನಡುವೆ ಅವನ್ನು ಬಿಟ್ಟು ಗಾಜು ಮುಚ್ಚಿದಳು, ಇನ್ನು ಅರ್ಧ ಗಂಟೆ ಕಾಯಬೇಕು.

ನೊಣಗಳು ಚದುರಿಯೇ ಇರಲಿ, ಚದುರಿಯೇ ಇರಲಿ, ಜಪದ ಹಾಗೆ ಒಳಗೊಳಗೇ, ಆ ಕೆಂಪು ಮಬ್ಬಿನಲ್ಲಿ ಎಲ್ಲಿಂದಲೋ ಬನವಾಸಿಯ ಮನೆ, ಅಜ್ಜಿ ಗಿರಿಜವ್ವ, ಎರಡೂ ಕಣ್ಣು ಹೋಗಿ ಹನ್ನೊಂದು ವರ್ಷ, ಬೆಳಗೂ ಬೈಗೂ ಒಂದೇ ಕತ್ತಲೆ, ಆದರೂ ಸಂಜೆಯ ಲಿಂಗಪೂಜೆಯ ಹೊತ್ತು ಒಂದು ದಿನ ತಪ್ಪಿದ್ದಿಲ್ಲ, ಬಾಯಿಪಾಠದ ವಚನ ಒಂದರ ಹಿಂದೆ ಒಂದು ಹೇಳುತ್ತಿದ್ದವಳು ನಡುವೆ ನಿಲ್ಲಿಸಿ, ಹೊತ್ತ ಮುಳಗಾಕ ಬಂತು, ದೀಪಾ ಹಚ್ಚಿದೇನ ದಾಕ್ಷಿ, ನಿನಗ ಹೆಂಗ ಗೊತ್ತಾತು ಅಜ್ಜಿ, ಮೈ ಹೇಳತೈತಿ, ಅದಕ್ಕ ಕಣ್ಣ ಯಾಕ ಬೇಕು — ಮೈ ಹೇಳುತ್ತದೆ, ಕತ್ತಲೆಯಲ್ಲೂ ಮೈ ಹೇಳುತ್ತದೆ, ಅಯ್ಯೋ, ಗೊತ್ತಿದ್ದೂ ಮರೆತೆನೇ, ಅಷ್ಟರಲ್ಲಿ ಗಾಜಿನ ಕೆಳಗೆ ಒಂದು ನೊಣ ಹೊರಟಿತು, ಅದರ ಹಿಂದೆ ಎರಡು, ಬಿಸಿಯ ಕಡೆಗೆ, ಯಾರೂ ಸಂಜೆ ತೋರಿಸದೆ.

ಅಕ್ಕಾ, ಮೇಡಂ ತೋಳು ಹಿಡಿದುಕೊಂಡಳು, ಉಗುರು ನಾಟುವಷ್ಟು, ಲೈಟು ಕಂಡು ಹೋಗೂದಲ್ಲ ಇವು, ಗಡಿಯಾರ ಒಳಗೇ ಇದ್ದು ಅಂತ ಬಾಯಲ್ಲಿ ಹೇಳ್ತಿದ್ದೆ, ಈಗ ಪುರಾವೆ ಸಿಕ್ತು, ಕತ್ತಲೆಯಲ್ಲಿಟ್ಟು ನೋಡಬೇಕು ಅಂತ ನನಗೆ ಹೊಳೆದೇ ಇರ್ಲಿಲ್ಲೆ, ನಾಳೆ ಬೆಳಿಗ್ಗೆ ತಂಪಿಗೆ ಬಂದ್ರೆ ಪೂರ್ತಿ ಸಾಬೀತಾಯ್ತು, ಇದು ನಿಮ್ಮ ಕೆಲಸ ಅಕ್ಕಾ, ನನ್ನ ಹೆಸರಿನ ಪಕ್ಕವೇ ನಿಮ್ಮ ಹೆಸರು ಹಾಕ್ತೇನೆ, ಸಿಬ್ಬಂದಿ ಅಲ್ಲ, ಪೂರ್ತಿ ಹೆಸರು, ಇನಿಶಿಯಲ್ ಎಂತ ಹೇಳಿ — ಇನಿಶಿಯಲ್ಲು, ಅಪ್ಪನ ಹೆಸರಿನ ಮೊದಲಕ್ಷರ, ನಾಲಿಗೆಯ ತುದಿಯಲ್ಲೇ ಇದೆ, ಇಷ್ಟು ವರ್ಷ ಬೇಕು ಬೇಕು ಅಂದದ್ದೇ ಇದು, ಹೇಳಿದರೆ ಹಾಳು ಮಾಡಲು ಚಾಚಿದ ಬೆರಳಿಗೆ ಹೆಸರು, ಬೇಡ ಅಂದರೆ ಯಾಕೆ ಎಂದು ಹೇಳಬೇಕು, ಹೂಂ ಅಂದರೆ ಧಾರವಾಡದ ತುಂಬಿದ ಸಭೆ ಚಪ್ಪಾಳೆ ತಟ್ಟುತ್ತದೆ, ಇವಳೂ ತಟ್ಟುತ್ತಾಳೆ, ಹೊಟ್ಟೆಯಲ್ಲಿ ಒಂದು ಕಪಟ ಇಲ್ಲದ ಹುಡುಗಿ, ಇವಳ ಹಾಗೆ ಇರಲು ನನಗೇಕೆ ಬರಲಿಲ್ಲ, ಅಕ್ಕಾ, ಇನಿಶಿಯಲ್, ಪೆನ್ನು ಹಿಡಿದು ಕಾಯುತ್ತಿದ್ದಾಳೆ, ಹೇಳು, ಹೇಳಿಬಿಡು, ಯಾವುದನ್ನು, ಆ ಅಕ್ಷರವನ್ನೋ, ಬೆರಳಿನ ಸತ್ಯವನ್ನೋ — ಹಲಗೆಯ ಬಿಸಿ ತುದಿಯತ್ತ, ಇಪ್ಪತ್ತೇಳು ಡಿಗ್ರಿಯ ಗೆರೆಯ ಮೇಲೆ ನೊಣಗಳು, ಎಳ್ಳು ಚೆಲ್ಲಿದ ಹಾಗೆ, ಇನ್ನೊಂದು ಬಂತು, ಎಳ್ಳು ಚೆಲ್ಲಿದ ಹಾಗೆ, ಇನ್ನೊಂದು…